ಹಳದಿ ಹೂವಿಗೆ ಕಾದ ಹದಿನೇಳು ದಿನ

ಯುವಕ ಮಂಡಳದ ಕೋಣೆಗೆ ನಾನು ಹೋದಾಗ ಒಳಗಿದ್ದ ಆರು ಮಂದಿಯಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ಕೇರಂ ಆಟ ಮುಗಿಯುವ ಹಂತಕ್ಕೆ ಬಂದಿತ್ತು. ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದೆ. ಮೂರನೆಯ ಸಲ ಕೆಮ್ಮುವ ಬದಲು ನೆಟ್ಟಗೆ ಒಳಗೆ ಹೋಗಿ, ಚೀಲದಿಂದ ಎರಡು ಹತ್ತಿಬೀಜ ತೆಗೆದು ಬೋರ್ಡಿನ ನಟ್ಟನಡುವೆ ಇಟ್ಟೆ. ಒಂದರ ಮೈಮೇಲೆ ಬೂದುಬಣ್ಣದ ನವಿರು. ಇನ್ನೊಂದು ಕರ್ರಗೆ, ಬೋಳು.

“ಇದರಾಗ ಗಂಡು ಯಾವುದು, ಹೆಣ್ಣು ಯಾವುದು? ಸರಿಯಾಗಿ ಹೇಳಿದ್ರ ನಾ ಹಂಗ ಹೊಳ್ಳಿ ಹೋಗ್ತೀನಿ,” ಎಂದೆ.

ಸ್ಟ್ರೈಕರ್ ಹಿಡಿದಿದ್ದ ಹುಡುಗ ಬೀಜಗಳನ್ನು ದಿಟ್ಟಿಸಿ ನೋಡಿ, “ಮೈತುಂಬ ಕೂದಲಾ ಇದ್ದದ್ದು ಗಂಡು ಇರಬೇಕ್ರಿ ಅಕ್ಕಾರ,” ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. “ತಪ್ಪಾತು. ಕೂದಲಾ ಇದ್ದದ್ದು ಅವ್ವ, ಬೋಳು ಇದ್ದದ್ದು ಅಪ್ಪ. ಇನ್ನ ಹತ್ತು ನಿಮಿಷ ನನ್ನ ಮಾತು ಕೇಳ್ರಿ.”

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಶಿರಹಟ್ಟಿ ತಾಲೂಕಿನಲ್ಲಿ ಗ್ರಾಮಸೇವಕಿ. ಹೊಗೆ ಕಡಿಮೆ ಮಾಡುವ ಒಲೆ, ಹಿತ್ತಲ ಕೈತೋಟ, ಮಹಿಳಾ ಮಂಡಳದ ಹೊಲಿಗೆ ಕ್ಲಾಸು ನನ್ನ ಕೆಲಸ. ಆ ವರ್ಷ ನಮ್ಮ ಭಾಗದ ಕೃಷಿ ಸಹಾಯಕರ ಜಾಗ ಖಾಲಿ ಬಿದ್ದಿತ್ತು. ಓದಿದ ಹುಡುಗರನ್ನು ಬೀಜ ತಯಾರಿಸುವ ಉದ್ಯೋಗಕ್ಕೆ ಹಚ್ಚಬೇಕೆಂದು ಮೇಲಿನಿಂದ ಪತ್ರ ಬಂದಾಗ ಅಧಿಕಾರಿಗಳು ಆಚೀಚೆ ನೋಡಿ ಅದನ್ನು ನನ್ನ ಕೈಗೆ ಕೊಟ್ಟರು. ಧಾರವಾಡದ ತೋಟವೊಂದರಲ್ಲಿ ಹತ್ತು ದಿನ ತರಬೇತಿಯೂ ಆಯಿತು. ಬೆಟಗೇರಿಯ ನೇಕಾರರ ಮನೆಯವಳಾದ ನನಗೆ ಹತ್ತಿ ಎಂದರೆ ಅಲ್ಲಿಯವರೆಗೆ ನೂಲು ಮಾತ್ರ. ಅದರ ಹೂವನ್ನು ನಾನು ಸರಿಯಾಗಿ ನೋಡಿದ್ದೇ ಆ ಹತ್ತು ದಿನಗಳಲ್ಲಿ.

ಹುಡುಗರಿಗೆ ನಾನು ಹೇಳಿದ್ದು ಇಷ್ಟು. ಹೈಬ್ರಿಡ್ ಹತ್ತಿಯ ಬೀಜಕ್ಕಾಗಿ ನಿಮ್ಮ ಅಪ್ಪಂದಿರು ಪ್ರತಿ ವರ್ಷ ಲಕ್ಷ್ಮೇಶ್ವರದ ಅಂಗಡಿ ಮುಂದೆ ಸರದಿ ನಿಲ್ಲುತ್ತಾರೆ. ಈ ವರ್ಷ ಬೆಳೆದದ್ದರಿಂದ ಮುಂದಿನ ವರ್ಷಕ್ಕೆ ಬೀಜ ಎತ್ತಿಡಲು ಬರುವುದಿಲ್ಲ, ಎತ್ತಿಟ್ಟರೆ ಗಿಡ ಒಂದರಂತೆ ಒಂದು ಇರುವುದಿಲ್ಲ. ಪ್ರತಿ ವರ್ಷ ಎರಡು ಬೇರೆ ತಳಿಗಳನ್ನು ಕೂಡಿಸಿ, ಒಂದೊಂದೇ ಹೂವನ್ನು ಕೈಯಲ್ಲಿ ಹಿಡಿದು ಬೀಜ ಹೊಸದಾಗಿ ಮಾಡಬೇಕು. ಆ ಬೀಜ ಮಾಡುವವರು ನೀವೇ ಯಾಕಾಗಬಾರದು?

ನಾಲ್ವರು ಆಟಕ್ಕೆ ಮರಳಿದರು. ಇಬ್ಬರು ನನ್ನ ಹಿಂದೆ ಹೊರಗೆ ಬಂದರು. ಒಬ್ಬ ಆ ಸ್ಟ್ರೈಕರ್ ಹಿಡಿದವನು. ಊರಾಚೆ ಬಾವಿ ಇರುವ ಹೊಲದ ಮುಸ್ಲಿಂ ರೈತರೊಬ್ಬರ ಮಗ, ಪಿಯುಸಿ ಫೇಲು. ಅವನನ್ನು ಹೊಲದ ಹುಡುಗ ಎನ್ನುತ್ತೇನೆ. ಇನ್ನೊಬ್ಬ ಅವನ ಗೆಳೆಯ, ಬಸ್‌ಸ್ಟ್ಯಾಂಡಿನ ಹತ್ತಿರ ಅಣ್ಣನ ಜೊತೆ ಹೊಲಿಗೆ ಯಂತ್ರ ತುಳಿಯುತ್ತಿದ್ದವನು. ಅವನು ದರ್ಜಿ.

“ಅಕ್ಕಾರ, ಅಬ್ಬಾನ್ನ ನೀವ ಒಪ್ಪಸ್ರಿ. ನಾ ಹೇಳಿದ್ರ ಚಪ್ಪಲ್ ಹುಡುಕ್ತಾರ,” ಎಂದ ಹೊಲದ ಹುಡುಗ.

ಅವನ ತಂದೆ ಬಾವಿಯ ದಂಡೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಬಿಳಿ ಟೋಪಿ, ಗಿಡ್ಡ ಗಡ್ಡ, ಮಾತು ಕಡಿಮೆ. ನಾನು ಒಂದು ಎಕರೆ ಕೇಳಿದೆ. ಐದು ಪಾಲಿನಲ್ಲಿ ನಾಲ್ಕು ಪಾಲು ಹೆಣ್ಣು ತಳಿ, ಒಂದು ಪಾಲು ಗಂಡು. ಹೆಣ್ಣು ತಳಿಯ ಮೊಗ್ಗಿನಿಂದ ಗಂಡಿನ ಭಾಗ ತೆಗೆದುಹಾಕಿ, ಮರುದಿನ ಗಂಡು ಗಿಡದ ಹೂವಿನ ಪರಾಗ ಮುಟ್ಟಿಸುವುದು ಎಂದು ಕೈಸನ್ನೆಯಲ್ಲಿ ತೋರಿಸಿದೆ.

“ಅಂದ್ರ ಗಿಡಕ್ಕ ಲಗ್ನಾ ಮಾಡಸ್ತೀರಿ.”

“ಹಂಗ ಅನ್ರಿ ಚಾಚಾ.”

“ನಮ್ಮಾಗ ನಿಕಾಹ್ ಅಂದ್ರ ಇಬ್ಬರದೂ ಒಪ್ಪಿಗಿ ಬೇಕ್ರಿ ಬಾಯಾರ. ಗಿಡದ್ದು ಯಾರು ಕೇಳ್ತೀರಿ?”

ಮಗ ನಕ್ಕಿದ್ದಕ್ಕೆ ಅವನ ಕಡೆ ಒಂದು ನೋಟ ಬಿಟ್ಟು, ಹಗ್ಗಕ್ಕೆ ಇನ್ನೆರಡು ಸುತ್ತು ಹಾಕಿ ಹೇಳಿದರು: “ಒಂದ ವರ್ಷ. ಕೆಡ್ತಂದ್ರ ಇಂವಾ ಗದಗದಾಗ ನಮ್ಮ ಪೈಕಿಯವರ ದಲಾಲಿ ಅಂಗಡ್ಯಾಗ ಕೆಲಸಕ್ಕ ಹೋಗೂದು. ಹೊಲದ ಮಾತು ಮತ್ತ ಎತ್ತೂದಿಲ್ಲ. ಕಬೂಲ?”

“ಕಬೂಲ್,” ಎಂದ ಮಗ. ಯಾವ ಹುಮ್ಮಸ್ಸಿನಲ್ಲೋ ನಾನೂ ಜೊತೆಗೆ “ಕಬೂಲ್” ಎಂದುಬಿಟ್ಟೆ.

ಗಂಡು ತಳಿ ಹೂ ಬಿಡಲು ಹೆಚ್ಚು ದಿನ ತೆಗೆದುಕೊಳ್ಳುತ್ತದೆ. ಎರಡರ ಹೂವೂ ಒಟ್ಟಿಗೆ ಬರಬೇಕಾದರೆ ಗಂಡನ್ನು ಮೂರು ವಾರ ಮೊದಲೇ ಬಿತ್ತಬೇಕು. ಮೇ ಕೊನೆಯಲ್ಲಿ ಬಾವಿ ನೀರು ಹಾಯಿಸಿ ಹೊಲದ ಒಂದು ಬದಿಗೆ ಗಂಡನ್ನು ಊರಿದೆವು. ಜೂನ್ ಮೂರನೆಯ ವಾರ ಹೆಣ್ಣು. ಸುತ್ತಲಿನ ಹತ್ತಿಹೊಲಗಳಿಂದ ಇರಬೇಕಾದ ಅಂತರವನ್ನು ಹಗ್ಗ ಹಿಡಿದು ಅಳೆದೆವು. ಮೊಳಕೆ ಚೆನ್ನಾಗಿ ಬಂತು. ಹೊಲದ ಹುಡುಗ ಗಿಡಗಳನ್ನು ದಿನಕ್ಕೆ ಮೂರು ಸಲ ನೋಡಲು ಹೋಗುತ್ತಿದ್ದ. ಕೇರಂ ಬೋರ್ಡು ಅವನನ್ನು ಮರೆತಿತ್ತು. ಮುಂದೆ ಹೂವಿಗೆ ಹಾಕಬೇಕಾದ ಕಾಗದದ ಚೀಲ, ಕಟ್ಟಬೇಕಾದ ನೂಲು ಹೊಂದಿಸುವ ಕೆಲಸವನ್ನು ದರ್ಜಿ ಹಿಡಿದಿದ್ದ.

ಕಳೆ ತೆಗೆಯಲು ಹನ್ನೆರಡು ಮಂದಿ ಹೆಣ್ಣುಮಕ್ಕಳ ಗುಂಪು ಬಂತು. ಅದರ ಮುಂದಾಳು ಇಪ್ಪತ್ತರ ಆಸುಪಾಸಿನ ಹುಡುಗಿ. ಏಳನೆಯ ಇಯತ್ತೆವರೆಗೆ ಶಾಲೆ ಕಲಿತಿದ್ದಳು. ಯಾವ ಹೊಲಕ್ಕೆ ಎಷ್ಟು ಜನ, ಎಷ್ಟು ಹೊತ್ತಿಗೆ ಎಂಬುದೆಲ್ಲ ಅವಳ ಬಾಯಲ್ಲೇ ಇರುತ್ತಿತ್ತು. ಮುಂದೆ ಹೂವಿನ ಕೆಲಸಕ್ಕೂ ಇವರೇ ಬೇಕಾಗಿದ್ದರಿಂದ ಜುಲೈನಲ್ಲಿ ಅವರಿಗೆ ಕಲಿಸಲು ಶುರು ಮಾಡಿದೆ. ಹತ್ತಿ ಇನ್ನೂ ಹೂ ಬಿಟ್ಟಿರಲಿಲ್ಲ. ಬಾವಿ ಪಕ್ಕದ ಮಡಿಯಲ್ಲಿ ಬೆಂಡಿ ಇತ್ತು. ಅದರ ಹೂವೂ ಹತ್ತಿಹೂವಿನದೇ ಬಗೆ. ನಾಳೆ ಅರಳುವ ಮೊಗ್ಗನ್ನು ಹುಡುಕಿ, ಬುಡದಲ್ಲಿ ಹೆಬ್ಬೆರಳಿನ ಉಗುರು ಊರಿ, ಒಂದು ಸುತ್ತು ತಿರುಗಿಸಿ ಎಳೆದರೆ ಎಸಳೂ ಪರಾಗದ ಕೊಳವೆಯೂ ಟೋಪಿ ತೆಗೆದಂತೆ ಒಟ್ಟಿಗೆ ಬರಬೇಕು. ನಡುವಿನ ಹೆಣ್ಣಿನ ಕಡ್ಡಿಗೆ ಗೀರೂ ಬೀಳಬಾರದು. ಧಾರವಾಡದಲ್ಲಿ ನಾನು ಇದನ್ನು ಕಲಿಯಲು ನಾಲ್ಕು ದಿನ ತೆಗೆದುಕೊಂಡಿದ್ದೆ. ಅವಳು ಏಳನೆಯ ಹೂವಿಗೇ ಕಲಿತಳು. ಹೊಲದ ಹುಡುಗ ಇಡೀ ಮಡಿಯ ಬೆಂಡಿಹೂ ಹಾಳು ಮಾಡಿದ. ಅವನ ತಾಯಿ ಆ ವಾರ ಪಲ್ಯಕ್ಕೆ ಬೇರೆ ಕಾಯಿ ಹುಡುಕಬೇಕಾಯಿತು.

ಇಲ್ಲಿಯವರೆಗೆ ಎಲ್ಲ ಸಸೂತ್ರ. ಆಗಸ್ಟ್ ನಡುವಿನಲ್ಲಿ ಒಂದು ಬೆಳಿಗ್ಗೆ ನಾನು ಹೊಲಕ್ಕೆ ಹೋದಾಗ ಹೆಣ್ಣು ಸಾಲುಗಳಲ್ಲಿ ಅಲ್ಲಲ್ಲಿ ಕೆನೆಬಿಳಿ ಹೂವು ಅರಳಿದ್ದವು. ಸಂತೋಷದಿಂದ ಗಂಡಿನ ಕಡೆ ಓಡಿದೆ. ಅಲ್ಲಿ ಹಳದಿ ಹೂ ಇರಬೇಕಾಗಿತ್ತು. ಇರಲಿಲ್ಲ. ಹೂವಿರಲಿ, ಮೊಗ್ಗೂ ಇರಲಿಲ್ಲ. ಗಿಡಗಳು ಮಾತ್ರ ನನ್ನ ತಲೆ ಮುಚ್ಚುವಷ್ಟು ಎತ್ತರ, ಅಂಗೈಗಿಂತ ಅಗಲವಾದ ಎಲೆ, ಕಡುಹಸಿರು.

“ನೋಡ್ರಿ ಅಕ್ಕಾರ, ಹೆಂಗ್ ಬೆಳಸೀನಿ!” ಹೊಲದ ಹುಡುಗ ಹೆಮ್ಮೆಯಿಂದ ಎದೆ ಉಬ್ಬಿಸಿ ನಿಂತಿದ್ದ.

“ಗೊಬ್ಬರಾ ಎಷ್ಟ ಹಾಕಿದಿ?”

“ನೀವ ಹೇಳಿದ್ರೆಲ್ಲಾ, ಗಂಡಿನ ಸಾಲಿಗೆ ಕೈ ಬಿಗಿ ಹಿಡೀಬ್ಯಾಡ ಅಂತ. ಎರಡರಷ್ಟ ಹಾಕಿದೆ. ನೀರೂ ಹಂಗ ಬಿಟ್ಟೆ.”

ನಾನು ಹಾಗೆ ಹೇಳಿದ್ದು ನಿಜ. ಅಳತೆ ಹೇಳದೆ ಬಾಯಿಮಾತಿನಲ್ಲಿ ಹೇಳಿದ್ದು ನನ್ನದೇ ತಪ್ಪು. ಗೊಬ್ಬರ, ನೀರು ಹೆಚ್ಚಾದ ಹತ್ತಿ ಸೊಪ್ಪಿಗೆ ಹೋಗುತ್ತದೆ, ಹೂ ಮುಂದೆ ಹೋಗುತ್ತದೆ. ನಾನು ತಲೆ ಮೇಲೆ ಕೈ ಇಟ್ಟುಕೊಂಡು ಬದುವಿನ ಮೇಲೆ ಕುಳಿತೆ. ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳಿಗೆ ಸಂಗತಿ ಗೊತ್ತಾಗಲು ತಡವಾಗಲಿಲ್ಲ. ಒಬ್ಬಳು ಗಂಡು ಗಿಡದ ತುದಿಯನ್ನು ಅಳೆಯುವಂತೆ ಕೈ ಎತ್ತಿ, “ಮೈ ಬೆಳಿಸಿಕೊಂಡು ಅಡ್ಡಾಡೂದ ಆತು, ಕೆಲಸಕ್ಕ ಮಾತ್ರ ಬರವಲ್ವು. ನಮ್ಮೂರ ಗಂಡಹುಡುಗ್ರ ಗುಣಾನ ಬಂದೈತಿ ನೋಡ್ರಿ ಇವಕ್ಕ,” ಎಂದಳು. ಹನ್ನೆರಡು ಮಂದಿ ಬಿದ್ದು ಬಿದ್ದು ನಕ್ಕರು. ಆ ಗಳಿಗೆಯಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಹೊಲದ ಹುಡುಗ ಮಾತ್ರ ಮುಖ ಸಣ್ಣ ಮಾಡಿಕೊಂಡ.

ಮುಂದೇನು ಎಂಬುದು ನಗುವ ಮಾತಾಗಿರಲಿಲ್ಲ. ಹೆಣ್ಣು ಗಿಡದ ಹೂವನ್ನು ಹಾಗೇ ಬಿಟ್ಟರೆ ಅದು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಅದು ಸಾದಾ ಹತ್ತಿ. ಹೈಬ್ರಿಡ್ ಬೀಜದ ಪ್ಲಾಟಿನಲ್ಲಿ ಅಂಥ ಕಾಯಿ ಮಿತಿ ಮೀರಿ ಸೇರಿಕೊಂಡರೆ ತಪಾಸಣೆಗೆ ಬರುವ ಬೀಜದ ಇನ್‌ಸ್ಪೆಕ್ಟರು ಇಡೀ ಪ್ಲಾಟನ್ನೇ ರದ್ದು ಮಾಡುತ್ತಾರೆ. ಉಳಿದದ್ದು ಎರಡೇ ದಾರಿ. ಬೀಜದ ಆಸೆ ಬಿಟ್ಟು ಸಾದಾ ಹತ್ತಿ ಬೆಳೆದುಕೊಳ್ಳುವುದು. ಇಲ್ಲವೇ ಗಂಡು ಹೂ ಬಿಡುವವರೆಗೆ ಹೆಣ್ಣು ಗಿಡದ ಪ್ರತಿ ಹೂವನ್ನೂ, ಅರಳಲಿರುವ ಪ್ರತಿ ಮೊಗ್ಗನ್ನೂ ಕಿತ್ತು ಹಾಕುತ್ತ ಕಾಯುವುದು.

ಎರಡನೆಯ ದಾರಿ ತರಬೇತಿಯಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಎಷ್ಟು ದಿನ ಕೀಳಬಹುದು, ಕಿತ್ತ ಮೇಲೆ ಗಿಡ ಮತ್ತೆ ಎಷ್ಟು ಹೂ ಬಿಟ್ಟೀತು ಎಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ತಂದೆ ಬಂದರು. ಕೇಳಿಸಿಕೊಂಡರು. ಸಿಟ್ಟಿಗೆ ಬರಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

“ನಲವತ್ತ ವರ್ಷ ಹತ್ತಿ ಬೆಳದೀನ್ರಿ ಬಾಯಾರ. ಹುಳಾ ತಿಂದದ್ದು ನೋಡೀನಿ, ಮಳಿ ಹೊಡದದ್ದು ನೋಡೀನಿ. ಬಂದ ಹೂವಾ ಕೈಯಾರೆ ಕೀಳೂದು ಎಲ್ಲೂ ನೋಡಿಲ್ಲ. ಬ್ಯಾಡ. ಇದ್ದಂಗ ಬಿಡ್ರಿ, ಸಾದಾ ಹತ್ತೀನ ಆಗಲಿ. ಹುಡುಗ ಗದಗಿಗೆ ಹೋಗಲಿ.”

ಹೊಲದ ಹುಡುಗ ನನ್ನ ಮುಖ ನೋಡಿದ. ಆಗ ಆ ಮುಂದಾಳು ಹುಡುಗಿ ಕುರ್ಪಿ ಬದಿಗಿಟ್ಟು ಎದ್ದು ಬಂದಳು.

“ಚಾಚಾ, ಬೆಂಡಿಕಾಯಿ ಹರೀತೀವಲ್ರಿ, ಹರದಷ್ಟೂ ಬಿಡ್ತೈತಿ. ಗಿಡದ ಮ್ಯಾಲ ಬಲಿಯಾಕ ಬಿಟ್ರ ಹೊಸಾ ಹೂ ನಿಂತು ಹೋಗ್ತಾವ. ಹತ್ತಿನೂ ಅದರ ತಂಗಿ ಅಂತ ಅಕ್ಕಾರ ಹೇಳ್ಯಾರ. ಕಿತ್ರ ಗಿಡ ಸುಮ್ಮನ ಕುಂದ್ರೂದಿಲ್ಲ.”

“ಹೇಳೂದು ಸಸಾರ ಐತವಾ.”

“ಹೇಳಾಕತ್ತಿಲ್ರಿ, ಮಾಡಿ ನೋಡೀನಿ.” ಅವಳು ನಮ್ಮನ್ನು ಹೊಲದ ಮೂಲೆಗೆ ಕರೆದುಕೊಂಡು ಹೋದಳು. ಎಂಟು ದಿನದ ಹಿಂದೆ ಕೈ ಪಳಗಿಸಿಕೊಳ್ಳಲೆಂದು ಅಲ್ಲಿನ ನಾಲ್ಕು ಗಿಡಗಳ ಎಳೆಮೊಗ್ಗನ್ನೆಲ್ಲ ಅವಳು ತೆಗೆದಿದ್ದಳಂತೆ. ಆ ಗಿಡಗಳಲ್ಲಿ ಪಕ್ಕದ ರೆಂಬೆಗಳು ಚಿಗುರಿದ್ದವು. ಒಂದೊಂದು ರೆಂಬೆಯ ಮೇಲೂ ಹೊಸ ಮೊಗ್ಗು, ಪಕ್ಕದ ಗಿಡಕ್ಕಿಂತ ಹೆಚ್ಚು.

ತಂದೆ ಬಗ್ಗಿ, ಒಂದು ರೆಂಬೆಯನ್ನು ಬೆರಳ ಮೇಲೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು.

“ಎಷ್ಟ ದಿನಾ ಕೀಳಬೇಕ್ರಿ?” ಎಂದು ನನ್ನನ್ನು ಕೇಳಿದರು.

“ಗೊತ್ತಿಲ್ಲ ಚಾಚಾ,” ಎಂದೆ. “ಗಂಡಿಗೆ ಇವತ್ತಿಂದ ನೀರು ಬಂದ್ ಮಾಡ್ತೀವಿ, ತುದಿ ಚಿವುಟ್ತೀವಿ. ಹದಿನೈದು ದಿನಾ ಆಗಬಹುದು, ಇಪ್ಪತ್ತೂ ಆಗಬಹುದು. ಗೊಬ್ಬರದ ತಪ್ಪು ನನ್ನದು, ಹುಡುಗಂದಲ್ಲ.”

ಅವರು ಬಾವಿಯ ಕಡೆ ಹೋಗಿ ಗಂಡಿನ ಸಾಲಿಗೆ ನೀರು ಹೋಗುವ ಕಾಲುವೆಯ ಬಾಯಿಗೆ ಸಲಿಕೆಯಿಂದ ಮಣ್ಣೆಳೆದು ಮುಚ್ಚಿದರು. ನಮಗೆ ಅಷ್ಟು ಸಾಕಾಯಿತು.

ಆದರೆ ಇನ್ನೊಂದು ಗಂಟು ಉಳಿದಿತ್ತು. ದಿನಾ ಎರಡು ಹೊತ್ತು ಹನ್ನೆರಡು ಜನ ಬೇಕು ಎಂದು ಹೊಲದ ಹುಡುಗ ಮುಂದಾಳನ್ನು ಕೇಳಿದಾಗ ಅವಳು ಸೆರಗು ಸಿಕ್ಕಿಸಿಕೊಂಡು ನಿಂತಳು.

“ಅವರು ಹನ್ನೊಂದು ಮಂದಿ ಕೂಲಿಗೆ ಬರ್ತಾರ. ನಾ ಕೂಲಿಗೆ ಬರಾಂಗಿಲ್ಲ.”

“ಮತ್ತ?”

“ಪಾಲಿಗೆ ಬರ್ತೀನಿ. ಹೊಲಾ ನಿಂದು, ನೂಲು ಚೀಲಾ ಅವಂದು, ಕೈ ನನ್ನವು. ಮೂರು ಪಾಲು.”

ದರ್ಜಿ ಗೆಳೆಯನ ಮುಖ ನೋಡಿದ. ಹೊಲದ ಹುಡುಗ ನನ್ನ ಮುಖ ನೋಡಿದ. ಉದ್ಯೋಗ, ಸ್ವಂತ ದಂಧೆ ಎಂದು ನಾನು ಆ ಕೋಣೆಯಲ್ಲಿ ಆರು ಗಂಡುಹುಡುಗರ ಮುಂದೆ ಭಾಷಣ ಬಿಗಿದಿದ್ದೆ. ಈ ಹುಡುಗಿಗೆ ಒಂದು ಮಾತೂ ಹೇಳಿರಲಿಲ್ಲ. ಅವಳನ್ನು ಕೂಲಿಯ ಲೆಕ್ಕದಲ್ಲೇ ಇಟ್ಟಿದ್ದೆ. ನಾಚಿಕೆ ಎನಿಸಿತು.

“ನನ್ನ ಮುಖಾ ಯಾಕ ನೋಡ್ತೀರೋ? ನಿಮ್ಮಲ್ಲಿ ಏಳು ಹೂವಿನಾಗ ಕಲತಾವ ಯಾರರ ಅದೀರೇನು?” ಎಂದೆ.

“ಆತು ಬಿಡ್ರಿ,” ಎಂದ ದರ್ಜಿ. “ಇಲ್ಲಂದ್ರ ನಾಳೆ ಇಕಿ ಬ್ಯಾರೆ ಹೊಲಾ ಹುಡುಕಿ ನಮಗ ಎದುರಾಳಿ ಆಗ್ತಾಳ.”

ಹೀಗೆ ಹೂ ಕೀಳುವ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ಬುಟ್ಟಿಗಟ್ಟಲೆ ಕೆನೆಬಿಳಿ ಹೂ, ಮೊಗ್ಗು. ಅದೆಲ್ಲ ಮೇವಾಗಿ ಸಿಕ್ಕಿದ್ದರಿಂದ ಹೊಲದ ಎಮ್ಮೆಗಳು ಮಾತ್ರ ಬಹಳ ಖುಷಿಯಾಗಿದ್ದವು. ದಾರಿಯಲ್ಲಿ ಹೋಗುವವರು ನಿಂತು ನೋಡಿ, “ಏನ್ರಪಾ, ಹತ್ತಿಹೂವಿನ ಮಾಲಿ ಮಾಡಿ ಮಾರ್ತೀರೇನು?” ಎಂದು ಕೇಳಿ ಹೋಗುತ್ತಿದ್ದರು. ಒಂಬತ್ತನೆಯ ದಿನ ಬೀಜದ ಇನ್‌ಸ್ಪೆಕ್ಟರು ಮೊದಲ ತಪಾಸಣೆಗೆ ಬಂದರು. ತೆಳ್ಳಗಿನ, ಕಟ್ಟುನಿಟ್ಟಿನ ಮನುಷ್ಯ. ಸುತ್ತಲಿನ ಅಂತರ ಅಳೆದು ಬರೆದುಕೊಂಡರು. ಆಮೇಲೆ ಹೆಣ್ಣು ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು, ಗಂಡಿನ ಸಾಲಿನಲ್ಲಿ ನಡೆದರು, ಹೊರಗೆ ಬಂದು ಕನ್ನಡಕ ಒರೆಸಿಕೊಂಡರು.

“ಎಲ್ಲಾ ಸರಿ ಐತ್ರಿ. ಹೂವಿನ ತಪಾಸಣಿಗೆ ಬಂದೀನಿ, ಹೂ ಎಲ್ಲಿ?”

ಮೂವರೂ ಒಟ್ಟಿಗೆ ಎಮ್ಮೆಗಳ ಕಡೆ ಕೈ ತೋರಿಸಿದರು. ನಾನು ಎಲ್ಲ ವಿವರಿಸಿದೆ. ಅವರು ನಗಲಿಲ್ಲ. “ಗಂಡು ಬರೂತನಕಾ ಒಂದ ಹೂವಾ ತಪ್ಪಿಸಿಕೊಂಡ್ರೂ ನನ್ನ ಕಣ್ಣಿಗೆ ಬೀಳ್ತೈತಿ, ನೆನಪ ಇರಲಿ. ಕಾಯಿ ಸುಳ್ಳ ಹೇಳೂದಿಲ್ಲ,” ಎಂದು ಹೇಳಿ ಬಸ್ಸು ಹಿಡಿದರು.

ಹನ್ನೆರಡನೆಯ ದಿನ ನಾನು ಒಳಗೊಳಗೇ ಸೋತಿದ್ದೆ. ಗಂಡು ಗಿಡಗಳ ಎಲೆ ಸ್ವಲ್ಪ ಬಣ್ಣ ಇಳಿಸಿ ಗಟ್ಟಿಯಾಗಿದ್ದವು, ಅಷ್ಟೇ. ಬೇರೆ ಹಳ್ಳಿಯಲ್ಲಿ ಒಲೆ ಹಾಕಿಸುತ್ತಿದ್ದರೂ ನನ್ನ ಮನಸ್ಸು ಆ ಸಾಲಿನಲ್ಲೇ ಇರುತ್ತಿತ್ತು. ಹೆಣ್ಣುಮಕ್ಕಳ ಬೆರಳು ಹತ್ತಿಯ ಅಂಟಿಗೆ ಕಪ್ಪಾಗಿದ್ದವು. ಆದರೂ ಮುಂದಾಳು ಹುಡುಗಿ ಒಂದು ದಿನವೂ ತಪ್ಪಿಸಲಿಲ್ಲ. ಹೊಲದ ಹುಡುಗ ಅವಳ ಹಿಂದೆ ಸಾಲು ಹಿಡಿದು, ಅವಳು ಬಿಟ್ಟ ಹೂವೇನಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದ. ಸಿಕ್ಕರೆ ಅವನಿಗೆ ಗೆದ್ದಷ್ಟು ಸಂತೋಷ. ಅವಳಿಗೆ ಅವನು ಬಿಟ್ಟದ್ದು ಸಿಗುವುದೇ ಹೆಚ್ಚಾಗಿತ್ತು.

ಹದಿನೇಳನೆಯ ದಿನ ಬೆಳಿಗ್ಗೆ ಲಕ್ಷ್ಮೇಶ್ವರದ ನನ್ನ ಬಾಡಿಗೆ ಮನೆಯ ಮುಂದೆ ಸೈಕಲ್ ಗಂಟೆ ಒಂದೇ ಸಮನೆ ಬಾರಿಸಿತು. ದರ್ಜಿ. ಮೈಯೆಲ್ಲ ಬೆವರು. ಮಾತಾಡಲು ಉಸಿರಿಲ್ಲದೆ ಅಂಗಿಯ ಕಿಸೆಯಿಂದ ಕರವಸ್ತ್ರ ತೆಗೆದು ಬಿಚ್ಚಿದ. ಒಳಗೆ ಒಂದು ಹಳದಿ ಹೂ. ಎಸಳುಗಳ ಬುಡದಲ್ಲಿ ಕೆಂಪು ಚುಕ್ಕೆ.

“ಅಯ್ಯೋ, ಹರಕೊಂಡ ಬಂದಿ ಏನೋ! ಅದರಿಂದ ಐದ ಹೆಣ್ಣಿಗೆ ಪರಾಗಾ ಆಗ್ತಿತ್ತು!”

“ಒಂದ ಐತಿ ಅಂದ್ಕೊಂಡ್ರೇನು? ಹದಿನಾರು ಅರಳ್ಯಾವ್ರಿ! ಮೊಗ್ಗಂತೂ ಕೇಳಬ್ಯಾಡ್ರಿ. ನೀವ ನಂಬೂದಿಲ್ಲಂತ ಒಂದ ತಂದೆ.”

ನಾನು ಚಹಾ ಅರ್ಧಕ್ಕೇ ಬಿಟ್ಟು ಅವನ ಸೈಕಲ್ ಹಿಂದೆ ಕೂತೆ. ಸರಕಾರಿ ನೌಕರಿಯ ಹೆಣ್ಣುಮಗಳು ದರ್ಜಿಯ ಸೈಕಲ್ ಮೇಲೆ ಹೋಗುವುದನ್ನು ಇಡೀ ಪೇಟೆ ನೋಡಿತು. ನೋಡಲಿ ಎನ್ನಿಸಿತು.

ಅಂದಿನಿಂದ ನಿಜವಾದ ಕೆಲಸ. ಮಧ್ಯಾಹ್ನ ಮೂರರ ನಂತರ ಹೆಣ್ಣು ಗಿಡದಲ್ಲಿ ನಾಳೆ ಅರಳುವ ಮೊಗ್ಗು ಹುಡುಕಿ, ಉಗುರಿನಿಂದ ಟೋಪಿ ತೆಗೆದು, ಮೇಲೆ ಕೆಂಪು ಕಾಗದದ ಸಣ್ಣ ಚೀಲ. ಮರುದಿನ ಇಬ್ಬನಿ ಆರಿದ ಮೇಲೆ, ಎಂಟೂವರೆಯಿಂದ ಹನ್ನೊಂದರೊಳಗೆ, ಗಂಡು ಹೂ ಕಿತ್ತು ಎಸಳು ಹಿಂದಕ್ಕೆ ಮಡಚಿ, ಕೆಂಪು ಚೀಲ ತೆಗೆದು, ಹೆಣ್ಣಿನ ಕಡ್ಡಿಗೆ ಹಳದಿ ಪುಡಿ ಹತ್ತುವಂತೆ ಮೆಲ್ಲಗೆ ಸವರುವುದು. ಸವರಿದ ಗುರುತಿಗೆ ತೊಟ್ಟಿಗೆ ನೂಲು. ಹನ್ನೆರಡು ಹೆಣ್ಣುಮಕ್ಕಳಿಗೆ ಹನ್ನೆರಡು ಬಣ್ಣದ ನೂಲು ಕೊಡುವ ಉಪಾಯ ದರ್ಜಿಯದು. ಯಾರ ಕೈಯ ಹೂ ಕಾಯಿ ಕಟ್ಟಿತು, ಯಾರದು ಉದುರಿತು ಎಂಬುದು ಬಣ್ಣದಲ್ಲೇ ಗೊತ್ತಾಗುತ್ತಿತ್ತು. ವಾರದೊಳಗೆ ಹೊಲ ಪಂದ್ಯದ ಕಣವಾಯಿತು. “ನನ್ನ ನೀಲಿ ನೋಡ, ಒಂದೂ ಉದುರಿಲ್ಲ!” “ನಿನ್ನ ಗುಲಾಬಿ ಎಲ್ಲಾ ನೆಲದ ಮ್ಯಾಲ ಅದಾವ!” ಉದುರಿದವಳ ಪಕ್ಕದಲ್ಲಿ ಮುಂದಾಳು ಕೂತು ಮತ್ತೆ ಉಗುರು ಹಿಡಿಯುವುದನ್ನು ಕಲಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಎರಡು ಸಂಜೆ ಮಳೆ ಹೊಡೆಯಿತು. ಕಾಗದದ ಚೀಲ ನೆನೆದು ಮುದ್ದೆಯಾಗಿ ಹೂವಿಗೆ ಅಂಟಿಕೊಂಡವು. ಕೆಂಪು ಬಣ್ಣ ಇಳಿದು ಎಲ್ಲರ ಕೈ ಮದುಮಕ್ಕಳ ಕೈಯಂತಾಯಿತು. ಆ ಎರಡು ದಿನದ ಹೂ ಪೂರ್ತಿ ಹೋಯಿತು. ಮಳೆ ಮತ್ತೆ ಬರುವಂತಿತ್ತು. ಧಾರವಾಡದಲ್ಲಿ ಯಾರೋ ತಂಪುಪಾನೀಯ ಹೀರುವ ಮೇಣಗಾಗದದ ನಳಿಗೆಯನ್ನು ಬಳಸಿದ್ದು ನನಗೆ ಆಗ ನೆನಪಾಯಿತು. ನಳಿಗೆಯನ್ನು ಬೆರಳಗಲ ಕತ್ತರಿಸಿ, ಒಂದು ತುದಿ ಮಡಚಿ, ಹೆಣ್ಣಿನ ಕಡ್ಡಿಯ ಮೇಲೆ ಟೊಪ್ಪಿಗೆಯಂತೆ ಹಾಕಿದರೆ ನೀರು ಇಳಿಯುವುದಿಲ್ಲ. ಹೊಲದ ಹುಡುಗ ಗದಗಿನ ಸೋಡಾ ಅಂಗಡಿಗೆ ಹೋಗಿ ಇದ್ದಷ್ಟೂ ಕಟ್ಟು ಕೊಡಿ ಎಂದನಂತೆ.

“ಅಂಗಡಿಯವರು ಕೇಳಿದ್ರು ಅಕ್ಕಾರ, ಎಷ್ಟ ಮಂದಿ ಸೋಡಾ ಕುಡಿಯೋರು ಅದೀರಿ ಅಂತ. ಕುಡಿಯೋರು ಯಾರಿಲ್ರಿ, ಟೊಪ್ಪಿಗಿ ಹಾಕ್ಕೊಳ್ಳೋರು ಹತ್ತಸಾವಿರ ಮಂದಿ ಅದಾರ ಅಂದೆ.”

ಆ ಅಂಗಡಿಯವರು ಅವನನ್ನು ಏನೆಂದುಕೊಂಡರೋ.

ಇಷ್ಟರಲ್ಲಿ ತಂದೆ ಹೊಲದಲ್ಲಿ ಒಂದು ಕೆಲಸ ಹಿಡಿದಿದ್ದರು. ಬೆಳಗಿನ ಓರೆಬಿಸಿಲಿನಲ್ಲಿ ಸಾಲುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ನಿಧಾನ ನಡೆಯುವರು. ಎಲ್ಲೋ ನಿಲ್ಲುವರು. ಬಗ್ಗಿ ಒಂದು ಗಿಡವನ್ನು ಬೇರುಸಹಿತ ಕಿತ್ತು ಹೊರಗೆ ಎಸೆಯುವರು. ಮೊದಲ ಸಲ ನೋಡಿದಾಗ ನಾನು ಗಾಬರಿಯಾಗಿ ಓಡಿ ಹೋಗಿ ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

“ಇದು ಇವರ ಪೈಕಿ ಅಲ್ರಿ,” ಎಂದರು. “ಎಲಿ ನೋಡ್ರಿ, ಸೀಳು ಆಳ ಐತಿ. ದಂಟಿಗೆ ಕೂದಲಾ ಕಡಿಮಿ. ಬೀಜದಾಗ ಬೆರಕಿ ಬಂದೈತಿ.”

ಕೈಗೆ ತೆಗೆದುಕೊಂಡು ಪಕ್ಕದ ಗಿಡದ ಜೊತೆ ಹೋಲಿಸಿದೆ. ಅವರು ಹೇಳಿದ್ದು ನಿಜ. ನಾನು ಆ ಸಾಲಿನಲ್ಲಿ ಎಷ್ಟೋ ಸಲ ಓಡಾಡಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲಿನ ದಿನಗಳಲ್ಲಿ ಅವರು ಹೀಗೆ ಹನ್ನೊಂದು ಗಿಡ ಕಿತ್ತರು. ಮಗನನ್ನು ಪಕ್ಕಕ್ಕೆ ಕರೆದು, ಕೀಳುವ ಮೊದಲು ಅವನಿಗೇ ಹುಡುಕಲು ಹೇಳುತ್ತಿದ್ದರು. ಮೊದಲ ಆರು ಅವನಿಗೆ ಸಿಗಲಿಲ್ಲ. ಏಳನೆಯದನ್ನು ಅವನೇ ತೋರಿಸಿದಾಗ ತಂದೆ “ಹಾಂ” ಎಂದರು. ಅಷ್ಟೇ. ಹುಡುಗ ಅಂದು ಇಡೀ ದಿನ ಸಿಳ್ಳೆ ಹಾಕುತ್ತಿದ್ದ.

ಅಕ್ಟೋಬರಿನಲ್ಲಿ ಇನ್‌ಸ್ಪೆಕ್ಟರು ಮತ್ತೆ ಬಂದರು. ಈ ಸಲ ತೊಟ್ಟು ತೊಟ್ಟಿಗೂ ಬಣ್ಣದ ನೂಲು. ಅವರು ಒಂದು ಸಾಲು ಬಿಟ್ಟು ಒಂದು ಸಾಲು ಹಿಡಿದು, ಮಂಡಿಯೂರಿ ಕೂತು, ಕೆಳಗಿನ ರೆಂಬೆಯಿಂದ ಕಾಯಿಗಳನ್ನು ಹೊರಳಿಸಿ ಹೊರಳಿಸಿ ನೋಡಿದರು. ಹೆಣ್ಣುಮಕ್ಕಳು ಬದುವಿನ ಮೇಲೆ ಸಾಲಾಗಿ ಕೂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಪಿಸುಗುಡುತ್ತಿದ್ದರು. ಒಂದು ಗಿಡದ ಬಳಿ ಇನ್‌ಸ್ಪೆಕ್ಟರು ನಿಂತರು. ನೂಲಿಲ್ಲದ ಒಂದು ಕಾಯಿ. ಮುಂದಾಳು ಹೋಗಿ ತಾನೇ ಆ ಕಾಯಿ ಹರಿದು ಅವರ ಕೈಗೆ ಕೊಟ್ಟಳು.

“ಇದು ನನ್ನ ಸಾಲು ಸಾಹೇಬ್ರ. ನನ್ನ ಕೈ ತಪ್ಪಿತು. ಬರ್ಕೊಳ್ರಿ.”

ಅವರು ಬರೆದುಕೊಂಡರು. ಇನ್ನೊಂದು ಗಂಟೆ ನಡೆದರು. ಬೇರೆ ಸಿಗಲಿಲ್ಲ, ಅದೊಂದೇ ಕಾಯಿಗೆ ಪ್ಲಾಟು ರದ್ದಾಗುವ ಹಾಗಿರಲಿಲ್ಲ. ಬೆರಕೆ ಗಿಡವಂತೂ ಒಂದೂ ಸಿಗಲಿಲ್ಲ. ಹೊರಗೆ ಬಂದು ಮಂಡಿಯ ಮಣ್ಣು ಝಾಡಿಸುತ್ತ, “ಇಲ್ಲಿ ನನ್ನಕಿಂತ ಮೊದಲ ಯಾರೋ ಗಟ್ಟಿ ಕಣ್ಣಿನವರು ನೋಡ್ಯಾರ. ಯಾರವರು?” ಎಂದರು.

ತಂದೆ ಟೋಪಿ ಸರಿ ಮಾಡಿಕೊಂಡು ಬಾವಿಯ ಕಡೆ ತಿರುಗಿ ನಿಂತರು. ಮಗ ಅವರನ್ನು ತೋರಿಸಿದ. “ನಮ್ಮ ಅಬ್ಬಾ ರೀ.” ಇನ್‌ಸ್ಪೆಕ್ಟರು ಹೋಗಿ ಅವರ ಕೈ ಕುಲುಕಿದರು. ಆ ಕೈ ಕುಲುಕುವಿಕೆಯನ್ನು ನಂತರ ಹೊಲದ ಹುಡುಗ ಊರಲ್ಲಿ ಎಷ್ಟು ಸಲ ಅಭಿನಯಿಸಿ ತೋರಿಸಿದನೋ ಲೆಕ್ಕವಿಲ್ಲ.

ಹತ್ತಿ ಬಿಡಿಸಿದ ಮೇಲೆ ಗದಗಿನಲ್ಲಿ ಒಂದು ಸಣ್ಣ ಜಿನ್ನಿನಲ್ಲಿ ಅರಳೆ ಬೇರೆ, ಬೀಜ ಬೇರೆ ಮಾಡಿಸಿದೆವು. ಬೇರೆ ಹತ್ತಿಯ ಒಂದು ಬೀಜವೂ ಸೇರಬಾರದೆಂದು ಯಂತ್ರ ಬಿಚ್ಚಿ ಸ್ವಚ್ಛ ಮಾಡಿಸುವ ಹಟ ದರ್ಜಿಯದು. “ಇಷ್ಟ ಹತ್ತಿಗೆ ನನ್ನ ಇಡೀ ಮಷೀನ ಬಿಚ್ಚಸ್ತೀರಲ್ಲೋ!” ಎಂದು ಜಿನ್ನಿನ ಮಾಲೀಕರು ಗೊಣಗಿದರು. ದರ್ಜಿ ಹೊಲಿಗೆ ಯಂತ್ರದ ಎಣ್ಣೆ ಬುಡ್ಡಿ ಹಿಡಿದು ತಾನೇ ಒಳಗೆ ಕೈ ಹಾಕಿದ್ದು ನೋಡಿ ಸುಮ್ಮನಾದರು. ನೂರು ಬೀಜ ಎಣಿಸಿ ಒದ್ದೆ ಮರಳಿನಲ್ಲಿ ಇಟ್ಟು ನೋಡಿದಾಗ ಎಂಬತ್ತೊಂದು ಮೊಳೆತವು. ಪಾಸಾಗಲು ಬೇಕಾದದ್ದಕ್ಕಿಂತ ಹೆಚ್ಚು. ಚೀಲಗಳಿಗೆ ಸೀಲು ಬಿತ್ತು. ಬೀಜ ಮಾರಿ ಬಂದ ಹಣದ ಮೂರು ಪಾಲೂ ಜಗಳವಿಲ್ಲದೆ ಹಂಚಿಹೋದವು. ಗದಗಿನ ದಲಾಲಿ ಅಂಗಡಿಯ ಮಾತನ್ನು ತಂದೆ ಮತ್ತೆ ಎತ್ತಲಿಲ್ಲ. ಮುಂದಿನ ಹಂಗಾಮಿಗೆ ಬಾವಿ ಪಕ್ಕದ ಇನ್ನೊಂದು ಎಕರೆ ಹರಗಲು ತಾವಾಗಿಯೇ ಎತ್ತು ಹೂಡಿದರು.

ಮುಂದಿನ ಮೇ ತಿಂಗಳಲ್ಲಿ ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ಯುವಕರು ಈ ಕೆಲಸ ತಿಳಿದುಕೊಳ್ಳಬೇಕೆಂದು ನನ್ನನ್ನು ಕರೆಸಿದರು. ಮೂವರೂ ನನಗಿಂತ ಮೊದಲೇ ಹೊರಟಿದ್ದರು. ನಾನು ಹತ್ತಿದ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ಒಂದೂವರೆ ತಾಸು ತಡವಾಯಿತು. ಹೇಳಬೇಕಾದ ಮಾತನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ಬಾಯಿಪಾಠ ಮಾಡುತ್ತ, ಜನ ಎದ್ದು ಹೋಗಿರುತ್ತಾರೆ ಎಂಬ ಚಿಂತೆಯಲ್ಲಿ ಶಾಲೆಯ ಅಂಗಳಕ್ಕೆ ಬಿರಬಿರನೆ ಬಂದೆ.

ಯಾರೂ ಎದ್ದು ಹೋಗಿರಲಿಲ್ಲ. ಬೇವಿನ ಮರದ ಕೆಳಗೆ ಅರವತ್ತು ಎಪ್ಪತ್ತು ಜನ, ಹಿಂದೆ ಅರ್ಧದಷ್ಟು ಹುಡುಗಿಯರು. ನಡುವೆ ಮೇಜಿನ ಮೇಲೆ ಒಂದು ಬುಟ್ಟಿ ದಾಸವಾಳ. ಆ ಹಂಗಾಮಿನಲ್ಲಿ ಹತ್ತಿಹೂ ಎಲ್ಲಿ ಸಿಗಬೇಕು? ಮುಂದಾಳು ಹುಡುಗಿ ದಾಸವಾಳದ ಮೊಗ್ಗು ಎತ್ತಿ ಹಿಡಿದು ಉಗುರು ಊರುವ ಜಾಗ ತೋರಿಸುತ್ತಿದ್ದಳು. ದರ್ಜಿ ಬಣ್ಣದ ನೂಲಿನ ಉಂಡೆಗಳನ್ನು ಜೋಡಿಸುತ್ತಿದ್ದ. ಹೊಲದ ಹುಡುಗ ಒಂದು ಪ್ರಶ್ನೆಗೆ ಉತ್ತರ ಕೊಡುತ್ತಿದ್ದ. “ಕೂಲಿಗೆ ಕರೀಬ್ಯಾಡ್ರಿ, ಪಾಲಿಗೆ ಕರೀರಿ. ಕೂಲಿಯವರು ಹೊತ್ತ ನೋಡ್ತಾರ, ಪಾಲಿನವರು ಹೂ ನೋಡ್ತಾರ. ಇದು ನಮಗ ಇಕಿ ಕಲಿಸಿದ್ದು.”

ಅವರು ನನ್ನನ್ನು ನೋಡಲಿಲ್ಲ. ನಾನೂ ಕೂಗಿ ಹೇಳಲಿಲ್ಲ. ಮೆಲ್ಲಗೆ ಹಿಂದಿನ ಸಾಲಿಗೆ ಹೋಗಿ, ಕುತ್ತಿಗೆ ಚಾಚಿ ನಿಂತೆ. ದಪ್ಪ ಮೀಸೆಯ ಯುವಕನೊಬ್ಬ ಹಿಂದೆ ತಿರುಗಿ ನೋಡಿ, ಪಾಪ ಯಾರೋ ತಡವಾಗಿ ಬಂದವರು ಎಂದುಕೊಂಡು, ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟ. ತನ್ನ ಕೈಯಲ್ಲಿದ್ದ ಒಂದು ದಾಸವಾಳದ ಮೊಗ್ಗನ್ನೂ ನನ್ನ ಮುಂದೆ ಹಿಡಿದ.

“ತಗೋರಿ ಅಕ್ಕಾರ, ಕುಂಡ್ರಿ,” ಎಂದ ತಗ್ಗಿದ ದನಿಯಲ್ಲಿ. “ಮೊದಲ ಸ್ವಲ್ಪ ಹೋಗೈತಿ, ಅಂಜಬ್ಯಾಡ್ರಿ. ಮುಂದ ನೋಡ್ಕೋತ ಕಲೀರಿ, ಭಾಳ ಸರಳ ಐತಿ.”

ನಾನು ಚೀಟಿಯನ್ನು ಚೀಲದೊಳಗೆ ಹಾಕಿ, ಮೊಗ್ಗು ತೆಗೆದುಕೊಂಡು ಕುಳಿತೆ.